ಕೂಸಿಲ್ಲದ ಊರಿಗೆ ಕುಲಾವಿ

ನಮ್ಮಲ್ಲಿ ಸತ್ತವರ ಹೆಸರು ಮತದಾರರ ಪಟ್ಟಿಯಲ್ಲಿ ಉಳಿದುಬಿಟ್ಟರೆ ಪೇಪರಿನವರು ಬೊಬ್ಬೆ ಹಾಕುತ್ತಾರೆ. ಕೆನಡಾದವರನ್ನು ನೋಡಿ ಕಲಿಯಬೇಕು. ಅಲ್ಲಿ ಇನ್ನೂ ಬಂದೇ ಇಲ್ಲದ ನಿವಾಸಿಗಳಿಗಾಗಿ ಪುರಸಭೆ ಮಾಡಿ, ಮೇಯರ್ ಕೂರಿಸಿ, ಅನುದಾನವನ್ನೂ ಕೊಟ್ಟಿದ್ದರು.

ಜಾಗದ ಹೆಸರು ಜಂಬೋ. ಬ್ರಿಟಿಷ್ ಕೊಲಂಬಿಯಾದ ಪರ್ಸೆಲ್ ಪರ್ವತಗಳ ನಡುವೆ, ಇನ್ವರ್‌ಮಿಯರ್ ಎಂಬ ಪೇಟೆಯಿಂದ ಪಶ್ಚಿಮಕ್ಕೆ. ಜಮೀನು ಸರ್ಕಾರದ್ದು. ನಮ್ಮ ಗೋಮಾಳದ ಹಾಗೇ, ಹಸುವಿನ ಬದಲು ಗ್ರಿಜ್ಲಿ ಕರಡಿ ಮೇಯುತ್ತದೆ, ಅಷ್ಟೇ. 1991ರಲ್ಲಿ ಇಲ್ಲೊಂದು ರೆಸಾರ್ಟ್ ಯೋಜನೆ ಬಂತು: ಹಿಮನದಿಯ ಮೇಲೆ ವರ್ಷವಿಡೀ ಸ್ಕೀಯಿಂಗ್, ಜಾರುವವರನ್ನು ಬೆಟ್ಟದ ಮೇಲಕ್ಕೆ ಒಯ್ಯಲು ಇಪ್ಪತ್ತಕ್ಕೂ ಹೆಚ್ಚು ಲಿಫ್ಟ್, 6 ಸಾವಿರಕ್ಕೂ ಮಿಕ್ಕಿ ಹಾಸಿಗೆ. ಹಿಮನದಿ ಹೇಗೂ ಕರಗುತ್ತಿದೆ, ಅಷ್ಟರೊಳಗೆ ಜಾರಿ ಮುಗಿಸೋಣ ಎಂಬ ದೂರದೃಷ್ಟಿ ಇರಬೇಕು.

ಕೆಲಸ ಸಿಗುತ್ತದೆ ಅಂದವರೂ ಇದ್ದರು. ಬೇಡ ಅಂದವರು ಕಾರಿನ ಹಿಂದೆ ‘ಜಂಬೋ ಕಾಡಾಗಿಯೇ ಇರಲಿ’ ಎಂದು ಸ್ಟಿಕ್ಕರ್ ಅಂಟಿಸಿಕೊಂಡು ಇಪ್ಪತ್ತು ವರ್ಷ ಓಡಾಡಿದರು. ಕಾರು ಸವೆಯಿತು, ಜಗಳ ಸವೆಯಲಿಲ್ಲ. ಇರುವ ಜನರನ್ನು ಕೇಳಿದರೆ ಇದೇ ತಾಪತ್ರಯ ನೋಡಿ, ಏನಾದರೊಂದು ಉತ್ತರ ಕೊಟ್ಟುಬಿಡುತ್ತಾರೆ.

ಅದಕ್ಕೆ ಪ್ರಾಂತ್ಯ ಸರ್ಕಾರ 2012ರಲ್ಲಿ ಕಾಯ್ದೆಯನ್ನೇ ತಿದ್ದಿತು. ಪರ್ವತ ರೆಸಾರ್ಟ್ ಪುರಸಭೆ ಸ್ಥಾಪಿಸಲು ಇನ್ನು ಮೇಲೆ ಜನ ಬೇಕಾಗಿಲ್ಲ! ಮರುವರ್ಷ ಪುರಸಭೆ ಅಸ್ತಿತ್ವಕ್ಕೆ ಬಂತು. ಮನೆ ಇಲ್ಲ, ಅಂಗಡಿ ಇಲ್ಲ, ಚರಂಡಿಯೂ ಇಲ್ಲ. ಒಬ್ಬ ಮೇಯರ್, ಇಬ್ಬರು ಕೌನ್ಸಿಲರ್‌ಗಳು ಮಾತ್ರ ಇದ್ದಾರೆ. ಮೂವರನ್ನೂ ಸರ್ಕಾರವೇ ನೇಮಿಸಿದ್ದು, ಮತ ಹಾಕಲು ಯಾರಿದ್ದಾರೆ ಪಾಪ. ನಲ್ಲಿಯಲ್ಲಿ ನೀರಿಲ್ಲ ಎಂದು ಖಾಲಿ ಕೊಡ ಹಿಡಿದು ಕಚೇರಿ ಮುಂದೆ ಕೂರುವವರಿಲ್ಲ, ಬೀದಿನಾಯಿಯ ದೂರಿಲ್ಲ. ನಮ್ಮ ಪುರಸಭೆ ಸದಸ್ಯರು ಅಧ್ಯಯನ ಪ್ರವಾಸಕ್ಕೆ ಹೋಗಬೇಕಾದ ಜಾಗ ಇದ್ದರೆ ಇದೊಂದೇ. 2016ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಅಚ್ಚುಕಟ್ಟಾಗಿ ದಾಖಲಾಯಿತು: 0.

ಕಟ್ಟಡದ ಕಥೆ ಇನ್ನೂ ಸೊಗಸು. ಪರಿಸರ ಅನುಮತಿ 2004ರದ್ದು. 2014ರ ಅಕ್ಟೋಬರ್ ಹೊತ್ತಿಗೆ ಕೆಲಸ ‘ಗಣನೀಯವಾಗಿ ಆರಂಭ’ವಾಗಿರಬೇಕು ಎಂಬ ಷರತ್ತು. ಹತ್ತು ವರ್ಷ ಸುಮ್ಮನಿದ್ದು, ಗಡುವು ಬಾಗಿಲಿಗೆ ಬಂದಾಗ ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ತೆರೆದ ಹುಡುಗನಂತೆ ಕಂಪನಿ ಗಡಿಬಿಡಿಯಿಂದ ಕಾಂಕ್ರೀಟ್ ಸುರಿಯಿತು. ಎದ್ದದ್ದು ಎರಡು ಅಡಿಪಾಯ. ಅದರಲ್ಲೂ ಪ್ರವಾಸಿಗರ ಲಾಡ್ಜಿನದ್ದು ಹಿಮಕುಸಿತದ ದಾರಿಯಲ್ಲೇ. ಇಡೀ ಬೆಟ್ಟ ಬಿಟ್ಟು ಹಿಮ ಉರುಳಿ ಬರುವ ಜಾಗವನ್ನೇ ಹುಡುಕಿ ತೆಗೆಯಲು ಎಂಥ ವಾಸ್ತುತಜ್ಞರು ಬೇಕೋ! 2015ರಲ್ಲಿ ಪರಿಸರ ಸಚಿವರು, ಇದು ಆರಂಭ ಅಲ್ಲ ಎಂದು ಷರಾ ಬರೆದರು. ಅನುಮತಿ ಹೋಯಿತು. ಪುರಸಭೆ ಉಳಿಯಿತು.

ಆ ಕಣಿವೆ ಮೂಲನಿವಾಸಿ ಕ್ತುನಾಹಾ ಜನರಿಗೆ ಕಾತ್‌ಮುಕ್, ಗ್ರಿಜ್ಲಿ ಕರಡಿಯ ಚೇತನ ನೆಲೆಸಿರುವ ಜಾಗ. ರೆಸಾರ್ಟ್ ಬಂದರೆ ಅದು ಎದ್ದುಹೋಗುತ್ತದೆ ಎಂದು ಅವರು ಸುಪ್ರೀಂ ಕೋರ್ಟ್‌ವರೆಗೂ ಹೋದರು. 2017ರ ನವೆಂಬರಿನಲ್ಲಿ ತೀರ್ಪು ಬಂತು. ಬಹುಮತದ ನ್ಯಾಯಮೂರ್ತಿಗಳ ಪ್ರಕಾರ ಸಂವಿಧಾನ ನಂಬುವ ಸ್ವಾತಂತ್ರ್ಯವನ್ನು ಕಾಯುತ್ತದೆ, ನಂಬಿದ್ದನ್ನಲ್ಲ. ಅಂದರೆ ಭಕ್ತರು ಸೇಫ್, ದೇವರು ತನ್ನ ವ್ಯವಸ್ಥೆ ತಾನೇ ನೋಡಿಕೊಳ್ಳಬೇಕು. ಈ ಒಂದು ಮಾತಿನಲ್ಲಿ ಮಾತ್ರ ನನಗೆ ತಮಾಷೆ ಹುಟ್ಟುವುದಿಲ್ಲ. ಇಲ್ಲದ ಜನರಿಗೆ ಪುರಸಭೆ ಕೊಡಲು ಬಂದ ಕಲ್ಪನಾಶಕ್ತಿ, ಸಾವಿರಾರು ವರ್ಷಗಳಿಂದ ಇರುವವರ ಕರಡಿಯ ಹತ್ತಿರ ಬಂದಾಗ ಥಟ್ಟನೆ ಒಣಗಿತು.

ಕಡೆಗೆ ಗೆದ್ದದ್ದು ಕರಡಿಯೇ. 2020ರ ಜನವರಿಯಲ್ಲಿ ಕಂಪನಿಯ ಹಕ್ಕುಗಳನ್ನೆಲ್ಲ ಬಿಡಿಸಿಕೊಂಡು, ಕಣಿವೆಯನ್ನು ಕ್ತುನಾಹಾ ಜನರ ನೇತೃತ್ವದ ಸಂರಕ್ಷಿತ ಪ್ರದೇಶ ಮಾಡುವುದಾಗಿ ಘೋಷಣೆಯಾಯಿತು. ಅದಕ್ಕೆ ಕೇಂದ್ರ ಸರ್ಕಾರ ಮತ್ತು ದಾನಿ ಸಂಸ್ಥೆಗಳಿಂದ ಸುಮಾರು 2.1 ಕೋಟಿ ಡಾಲರ್.

ಪುರಸಭೆಯ ವಿಸರ್ಜನೆಗೆ ಕಾನೂನು ಬರಲು 2021ರವರೆಗೆ ಕಾಯಬೇಕಾಯಿತು. ನಿವಾಸಿಗಳ ಪೈಕಿ ಒಬ್ಬರೂ ತಕರಾರು ತೆಗೆಯಲಿಲ್ಲ.