ಬಡವರನ್ನು ಸೋಸುವ ಮೊದಲು: ಶ್ರೀಲಂಕಾದ ‘ಅಸ್ವೆಸುಮ’ ಯೋಜನೆಯ ಕುರಿತು

ಸುಳ್ಯದ ರಬ್ಬರ್ ತೋಟಗಳ ಆಸುಪಾಸಿನಲ್ಲಿ ಬೆಳೆದ ನಮಗೆ ಶ್ರೀಲಂಕಾ ಎಂಬುದು ಪತ್ರಿಕೆಯಲ್ಲಿ ಓದಿ ತಿಳಿದ ದೇಶವಲ್ಲ. 1964ರ ಅಕ್ಟೋಬರ್‌ನಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಲಂಕೆಯ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದದಂತೆ ಅಲ್ಲಿನ ಚಹಾ ತೋಟಗಳಿಂದ ಭಾರತಕ್ಕೆ ಕಳುಹಿಸಲ್ಪಟ್ಟ ತಮಿಳು ಕುಟುಂಬಗಳಲ್ಲಿ ಒಂದಷ್ಟಕ್ಕೆ ಇಲ್ಲಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸವೂ ವಸತಿಯೂ ದೊರೆತವು. ನಮ್ಮ ನೆರೆಯಲ್ಲಿರುವ, ನಾನು ಅಮ್ಮ ಎಂದೇ ಕರೆಯುವ ಹಿರಿಯರೊಬ್ಬರು ಹಾಗೆ ಬಂದವರು. ಒಂದೇ ಮನೆಯ ಒಬ್ಬ ಮಗಳಿಗೆ ಭಾರತದ ಪೌರತ್ವ, ಇನ್ನೊಬ್ಬಳಿಗೆ ಲಂಕೆಯ ಪೌರತ್ವ ಎಂದು ಕಾಗದಗಳು ಹಂಚಿಕೊಂಡ ಕಾಲವದು. ಅವರ ತಂಗಿ ಹಟನ್ ಸಮೀಪದ ಚಹಾ ತೋಟದ ಲೈನ್ ಮನೆಯಲ್ಲಿಯೇ ಉಳಿದರು.

2023ರ ಜುಲೈ ತಿಂಗಳ ಒಂದು ಸಂಜೆ ಅಮ್ಮ ನನ್ನನ್ನು ಕರೆಸಿ, ವೀಡಿಯೊ ಕರೆಯಲ್ಲಿದ್ದ ತಂಗಿಯ ಮುಂದೆ ಕೂರಿಸಿದರು. ಸರ್ಕಾರದ ‘ಅಸ್ವೆಸುಮ’ ಎಂಬ ಹೊಸ ಸಹಾಯಧನದ ಪಟ್ಟಿಯಲ್ಲಿ ತಂಗಿಯ ಮನೆಯ ಹೆಸರು ಬಂದಿರಲಿಲ್ಲ. ಮೊಮ್ಮಗಳು ಫೋನನ್ನು ಹಿಡಿದುಕೊಂಡು ಹತ್ತು ಅಡಿ ಅಗಲದ ಆ ಕೋಣೆಯನ್ನೆಲ್ಲ ತೋರಿಸಿದಳು: ಹೊಗೆ ಹಿಡಿದ ತಗಡಿನ ಮಾಡು, ಗೋಡೆಗೆ ಒರಗಿಸಿಟ್ಟ ಚಾಪೆಗಳು, ಮೂಲೆಯಲ್ಲಿ ಒಂದು ಸ್ಟೂಲಿನ ಮೇಲೆ ಟೀವಿ. ಕೊಲಂಬೊದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಮಗ ದೇಶದ ಆರ್ಥಿಕ ಬಿಕ್ಕಟ್ಟಿಗೆ ಮೊದಲೇ ಕೊಂಡು ತಂದಿದ್ದ ಟೀವಿಯದು. ಮಾಹಿತಿ ಬರೆದುಕೊಳ್ಳಲು ಬಂದವರು ಮನೆಯಲ್ಲಿ ಏನೇನಿದೆ, ಎಷ್ಟು ಕರೆಂಟು ಉರಿಯುತ್ತದೆ ಎಂದೆಲ್ಲ ಕೇಳಿದ್ದರಂತೆ. ಅಂಗಡಿ ಮುಚ್ಚಿ ಮಗ ಊರಿಗೆ ಮರಳಿ ಒಂದು ವರ್ಷವಾಗಿತ್ತು. ‘ಅದನ್ನು ಅವರು ಬರೆದುಕೊಂಡರೋ ಇಲ್ಲವೋ ಗೊತ್ತಾಗಲಿಲ್ಲ’ ಎಂದರು ಆ ತಾಯಿ. ಅಂದಿನಿಂದ ಈ ಯೋಜನೆಯನ್ನು ನಾನು ಹಿಂಬಾಲಿಸಿ ಓದುತ್ತ ಬಂದಿದ್ದೇನೆ.

ಹಿನ್ನೆಲೆ ಬಹಳ ಜನರಿಗೆ ನೆನಪಿರಬಹುದು. 2019ರ ಕೊನೆಯಲ್ಲಿ ಅಲ್ಲಿನ ಸರ್ಕಾರ ಮೌಲ್ಯವರ್ಧಿತ ತೆರಿಗೆಯನ್ನು ಶೇ. 15ರಿಂದ 8ಕ್ಕೆ ಇಳಿಸಿ ತನ್ನ ಬೊಕ್ಕಸವನ್ನು ತಾನೇ ಬರಿದು ಮಾಡಿಕೊಂಡಿತು. ಕೋವಿಡ್ ಪ್ರವಾಸೋದ್ಯಮವನ್ನು ನಿಲ್ಲಿಸಿತು, 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಷೇಧಿಸಿದ್ದು ಬೆಳೆಯನ್ನು ಕೆಡಿಸಿತು, ಡಾಲರ್ ಸಂಗ್ರಹ ಕರಗಿತು. 2022ರ ಏಪ್ರಿಲ್ 12ರಂದು ವಿದೇಶಿ ಸಾಲದ ಕಂತು ಕಟ್ಟಲಾಗದು ಎಂದು ದೇಶ ಘೋಷಿಸಿತು, ಜುಲೈನಲ್ಲಿ ಅಧ್ಯಕ್ಷ ಗೊಟಬಯ ರಾಜಪಕ್ಸ ದೇಶ ಬಿಟ್ಟು ಹೋದರು. ಆ ಸೆಪ್ಟೆಂಬರ್‌ನಲ್ಲಿ ಕೊಲಂಬೊದ ಹಣದುಬ್ಬರ ಶೇ. 70ರ ಹತ್ತಿರವಿದ್ದರೆ, ಆಹಾರ ಪದಾರ್ಥಗಳ ಬೆಲೆಯೇರಿಕೆ ಶೇ. 95ರ ಸಮೀಪಕ್ಕೆ ಬಂದಿತ್ತು. ವಿಶ್ವಬ್ಯಾಂಕಿನ ಅಂದಾಜಿನಂತೆ 2021ರಲ್ಲಿ ಶೇ. 13ರಷ್ಟಿದ್ದ ಬಡವರ ಪ್ರಮಾಣ ಒಂದೇ ವರ್ಷದಲ್ಲಿ ಶೇ. 25ಕ್ಕೆ ಏರಿತು. ಅಂದರೆ ಹಿಂದಿನ ವರ್ಷ ಹೇಗೋ ಸಂಸಾರ ತೂಗಿಸಿಕೊಂಡು ಹೋಗುತ್ತಿದ್ದ ಲಕ್ಷಾಂತರ ಮನೆಗಳು ಈ ವರ್ಷ ಮುಗ್ಗರಿಸಿ ಬಿದ್ದಿದ್ದವು. ನನ್ನ ವಾದವೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

2023ರ ಮಾರ್ಚ್‌ನಲ್ಲಿ ಅಂತಾರಾಷ್ಟ್ರೀಯ ಹಣಕಾಸು ನಿಧಿ ಸುಮಾರು 300 ಕೋಟಿ ಡಾಲರ್ ನೆರವಿಗೆ ಒಪ್ಪಿತು. ತೆರಿಗೆ ಏರಬೇಕು, ವಿದ್ಯುತ್ ದರ ಉತ್ಪಾದನಾ ವೆಚ್ಚಕ್ಕೆ ಸರಿಹೊಂದಬೇಕು, ಸಹಾಯಧನ ನಿಜವಾದ ಬಡವರಿಗೆ ಮಾತ್ರ ತಲುಪಬೇಕು ಎಂಬುದು ಆ ಒಪ್ಪಂದದ ಸಾರ. ಮೌಲ್ಯವರ್ಧಿತ ತೆರಿಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ 2024ರ ಜನವರಿಯಲ್ಲಿ ಶೇ. 18ಕ್ಕೆ ಬಂದು ನಿಂತಿತು. 2022ರ ಆಗಸ್ಟ್‌ನಲ್ಲಿ ಶೇ. 75ರಷ್ಟು ಏರಿದ್ದ ವಿದ್ಯುತ್ ದರ ಸುಮಾರು ಆರು ತಿಂಗಳಲ್ಲಿ ಮತ್ತೆ ಶೇ. 66ರಷ್ಟು ಏರಿತು. ಈ ಏಟನ್ನು ಬಡವರು ತಾಳಿಕೊಳ್ಳಲೆಂದು 2023ರ ಜುಲೈಯಿಂದ ಜಾರಿಗೆ ಬಂದದ್ದೇ ‘ಅಸ್ವೆಸುಮ’. ಸಿಂಹಳದಲ್ಲಿ ಆ ಪದಕ್ಕೆ ಸಮಾಧಾನ, ಸಂತೈಕೆ ಎಂಬ ಅರ್ಥವಿದೆ.

ಯೋಜನೆ 20 ಲಕ್ಷ ಕುಟುಂಬಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿತು. ಕಡುಬಡವರಾದ 4 ಲಕ್ಷ ಕುಟುಂಬಗಳಿಗೆ ತಿಂಗಳಿಗೆ ಅಲ್ಲಿನ 15,000 ರೂಪಾಯಿ, ಬಡವರಾದ 8 ಲಕ್ಷ ಕುಟುಂಬಗಳಿಗೆ 8,500 ರೂಪಾಯಿ, ಇವೆರಡಕ್ಕೂ ಮೂರು ವರ್ಷಗಳ ಅವಧಿ. ದುರ್ಬಲರೆಂದು ಗುರುತಿಸಿದ 4 ಲಕ್ಷ ಕುಟುಂಬಗಳಿಗೆ ಸುಮಾರು ಒಂದು ವರ್ಷ 5,000 ರೂಪಾಯಿ, ಬಿಕ್ಕಟ್ಟಿನಿಂದ ತಾತ್ಕಾಲಿಕವಾಗಿ ಕುಸಿದವರೆಂದು ಭಾವಿಸಿದ ಇನ್ನು 4 ಲಕ್ಷ ಕುಟುಂಬಗಳಿಗೆ ಆ ವರ್ಷದ ಡಿಸೆಂಬರ್‌ವರೆಗೆ ಮಾತ್ರ 2,500 ರೂಪಾಯಿ. ಯಾರು ಯಾವ ವರ್ಗ ಎಂಬುದನ್ನು ಶಿಕ್ಷಣ, ಆರೋಗ್ಯ, ಆರ್ಥಿಕ ಮಟ್ಟ, ಆಸ್ತಿ, ವಸತಿ ಮತ್ತು ಕುಟುಂಬದ ಸ್ವರೂಪಕ್ಕೆ ಸಂಬಂಧಿಸಿದ 22 ಸೂಚಕಗಳಿಗೆ ಅಂಕ ಕೊಟ್ಟು ನಿರ್ಧರಿಸಲಾಯಿತು. 8,500 ಎಂದರೆ ಅಂದಿನ ವಿನಿಮಯ ದರದಲ್ಲಿ ನಮ್ಮ ಸುಮಾರು 2,200 ರೂಪಾಯಿ. ಒಬ್ಬ ವ್ಯಕ್ತಿ ತಿಂಗಳಿಗೆ ಕನಿಷ್ಠ ಅಗತ್ಯ ಪೂರೈಸಿಕೊಳ್ಳಲು ಸುಮಾರು 16,000 ರೂಪಾಯಿ ಬೇಕು ಎಂದು ಅಲ್ಲಿನ ಸರ್ಕಾರದ ಬಡತನ ರೇಖೆಯೇ ಹೇಳುತ್ತಿದ್ದ ಹೊತ್ತಿನಲ್ಲಿ ಇಡೀ ಕುಟುಂಬಕ್ಕೆ ಸಿಕ್ಕಿದ ಮೊತ್ತವಿದು.

ಪಟ್ಟಿ ಪ್ರಕಟವಾದ ಕೂಡಲೇ ಅನೇಕ ಊರುಗಳಲ್ಲಿ ಜನ ಸರ್ಕಾರಿ ಕಚೇರಿಗಳ ಮುಂದೆ ಪ್ರತಿಭಟನೆಗೆ ಇಳಿದರು. ಮೇಲ್ಮನವಿಗಳ ಸಂಖ್ಯೆ ಹತ್ತು ಲಕ್ಷದ ಹತ್ತಿರಕ್ಕೆ ಹೋಯಿತು. ಪಟ್ಟಿಯಲ್ಲಿ ಇರಬೇಕಾದವರೇ 20 ಲಕ್ಷವೆಂದು ಇಟ್ಟುಕೊಂಡ ಯೋಜನೆಯೊಂದಕ್ಕೆ ಅದರ ಅರ್ಧದಷ್ಟು ಆಕ್ಷೇಪ ಬಂದಿತೆಂದರೆ, ಎಣಿಸಲು ಬಂದವರ ಅಜಾಗ್ರತೆ ಮಾತ್ರ ಅದಕ್ಕೆ ಕಾರಣವಾಗಿರಲು ಸಾಧ್ಯವಿಲ್ಲ. ಅಳೆಯಲು ಹಿಡಿದ ಕೋಲಿನಲ್ಲಿಯೇ ಏನೋ ತಪ್ಪಿದೆ ಎಂದು ನನಗೆ ತೋರುತ್ತದೆ.

ಮನೆಯ ಗೋಡೆ ಯಾವುದರದ್ದು, ಓದಿದವರು ಎಷ್ಟು ಮಂದಿ, ಏನೇನು ವಸ್ತುಗಳಿವೆ ಎಂದು ನೋಡಿ ಆದಾಯವನ್ನು ಊಹಿಸುವ ವಿಧಾನ ನೆಮ್ಮದಿಯ ಕಾಲಕ್ಕೆ ತಕ್ಕಮಟ್ಟಿಗೆ ಸರಿಹೋಗಬಹುದು. ತಲೆಮಾರುಗಳಿಂದ ಬಡವರಾಗಿ ಉಳಿದವರನ್ನು ಅದು ಸುಮಾರಾಗಿ ಗುರುತಿಸುತ್ತದೆ. ಆದರೆ ಆಸ್ತಿ ಎಂಬುದು ಕಳೆದ ಹತ್ತು ವರ್ಷಗಳ ದುಡಿಮೆಯ ಗುರುತು. ಆದಾಯ ಒಮ್ಮೆಲೇ ಕುಸಿದಾಗ ಮನೆಯೊಳಗಿನ ವಸ್ತುಗಳು ಅಷ್ಟೇ ಬೇಗ ಮಾಯವಾಗುವುದಿಲ್ಲ. ಮೇಸ್ತ್ರಿ ಕೆಲಸವಿಲ್ಲದೆ ಕುಳಿತವನ ಮೋಟಾರು ಬೈಕು, ಪೆಟ್ರೋಲಿಗಾಗಿ ದಿನಗಟ್ಟಲೆ ಸಾಲಿನಲ್ಲಿ ನಿಂತು ಸೋತ ಆಟೋ ಚಾಲಕನ ಆಟೋ, ಹಟನ್‌ನ ಆ ಟೀವಿ, ಇವು ಯಾವುವೂ ಅಕ್ಕಿಯಾಗುವುದಿಲ್ಲ, ಮಾರಹೊರಟರೆ ಕೊಳ್ಳುವವರೂ ಇರುವುದಿಲ್ಲ. ಒಂದೇ ವರ್ಷದಲ್ಲಿ ಬಡತನ ದುಪ್ಪಟ್ಟಾದ ದೇಶದಲ್ಲಿ ಹೊಸದಾಗಿ ಬಡವರಾದವರನ್ನು ಹಳೆಯ ಸ್ವತ್ತಿನ ಲೆಕ್ಕದಿಂದ ಹುಡುಕಹೊರಟದ್ದೇ ಮೂಲ ದೋಷವೆಂದು ನಾನು ತಿಳಿದಿದ್ದೇನೆ. ಗಡಿರೇಖೆಯ ಆಚೀಚೆ ಸಾವಿರಾರು ಮನೆಗಳು ಒತ್ತಿಕೊಂಡು ನಿಂತಿರುವಾಗ, ಒಂದೆರಡು ಅಂಕದ ವ್ಯತ್ಯಾಸಕ್ಕೆ ಒಬ್ಬರಿಗೆ 8,500, ಪಕ್ಕದ ಮನೆಯವರಿಗೆ ಏನೂ ಇಲ್ಲ ಎಂದಾಗುತ್ತದೆ. ಒಂದೇ ಮಾಡಿನ ಕೆಳಗೆ ಸಾಲಾಗಿ ಹತ್ತು ಹನ್ನೆರಡು ಕುಟುಂಬಗಳು ಬದುಕುವ ಲೈನ್ ಮನೆಗಳಲ್ಲಿ ಇದು ಎಂತಹ ವೈಮನಸ್ಸಿಗೆ ಕಾರಣವಾಗುತ್ತದೆ ಎಂಬುದನ್ನು ಅಮ್ಮನ ತಂಗಿಯ ಮಾತಿನಿಂದಲೇ ತಿಳಿದೆ. ಗೋಡೆಯಾಚೆಯ ಮನೆಯವರ ಜೊತೆ ಅವರು ಎರಡು ತಿಂಗಳು ಮಾತು ಬಿಟ್ಟಿದ್ದರು.

ಇದರ ಎದುರು ಹೇಳಬಹುದಾದ ಮಾತು ಹಗುರವಾದದ್ದಲ್ಲ. ಹಿಂದಿದ್ದ ‘ಸಮೃದ್ಧಿ’ ಯೋಜನೆ 1995ರಿಂದ ನಡೆದು ಬಂದು, ಪಕ್ಷದ ಕಾರ್ಯಕರ್ತರ ಹಿಡಿತಕ್ಕೆ ಸಿಕ್ಕಿ, ನಿಜವಾದ ಬಡವರಲ್ಲಿ ಹಲವರನ್ನು ಹೊರಗಿಟ್ಟು ಅನುಕೂಲಸ್ಥರಲ್ಲಿ ಹಲವರನ್ನು ಒಳಗಿಟ್ಟುಕೊಂಡಿತ್ತು. ಯಾರ ಶಿಫಾರಸ್ಸಿಗೂ ಜಗ್ಗದ ಅಂಕಪದ್ಧತಿ ಬೇಕು ಎಂಬ ಬೇಡಿಕೆ ಹುಟ್ಟಿದ್ದು ಆ ಅನುಭವದಿಂದಲೇ. ಹೊಸ ಯೋಜನೆಯಲ್ಲಿ ಹಣ ನೇರವಾಗಿ ಬ್ಯಾಂಕ್ ಖಾತೆಗೆ ಹೋಗುತ್ತದೆ, ಮೊತ್ತವೂ ಸಮೃದ್ಧಿಯ ಕಾಲಕ್ಕಿಂತ ಹೆಚ್ಚು. ಇದನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ಆದರೆ ಪುಢಾರಿಯ ಕೈಯಿಂದ ಪಟ್ಟಿಯನ್ನು ಬಿಡಿಸಿಕೊಳ್ಳಲು ಬಡವರನ್ನು ಇಷ್ಟು ಸಣ್ಣ ಜರಡಿಯಲ್ಲಿ ಸೋಸಲೇಬೇಕಾಗಿತ್ತೇ ಎಂಬುದು ನನ್ನ ಪ್ರಶ್ನೆ.

ಇನ್ನೊಂದು ದಾರಿಯಿದೆ, ಮತ್ತು ಅದನ್ನು ನಾವು ಇಲ್ಲಿಯೇ ನೋಡಿದ್ದೇವೆ. ಅಸ್ವೆಸುಮ ಆರಂಭವಾದ ಮರುತಿಂಗಳೇ, 2023ರ ಆಗಸ್ಟ್ 30ರಂದು, ಮೈಸೂರಿನಲ್ಲಿ ಕರ್ನಾಟಕದ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ದೊರೆಯಿತು. ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ನಮೂದಾದ ಮಹಿಳೆಗೆ ತಿಂಗಳಿಗೆ 2,000 ರೂಪಾಯಿ. ಆಕೆ ಅಥವಾ ಆಕೆಯ ಪತಿ ಆದಾಯ ತೆರಿಗೆ ಇಲ್ಲವೇ ಜಿಎಸ್‌ಟಿ ಪಾವತಿದಾರರಾಗಿದ್ದರೆ ಇಲ್ಲ. ಕಂತುಗಳು ತಡವಾದವು, ಆಧಾರ್ ಜೋಡಣೆಯ ತೊಡಕಿನಿಂದ ಎಷ್ಟೋ ಮಂದಿ ಸೈಬರ್ ಅಂಗಡಿಗೆ ಅಲೆದರು, ಬೊಕ್ಕಸಕ್ಕೆ ಅದರ ಭಾರವೂ ಸಣ್ಣದಲ್ಲ. ಅದೆಲ್ಲ ಬೇರೆಯಾಗಿಯೇ ಚರ್ಚೆಯಾಗಬೇಕಾದ ವಿಷಯ. ಆದರೆ ಅದರ ಅರ್ಹತೆಯ ನಿಯಮದಲ್ಲಿ ಒಂದು ವಿವೇಕವಿದೆ: ಬಡವರು ಯಾರು ಎಂದು ಮನೆಮನೆಗೆ ನುಗ್ಗಿ ಹುಡುಕುವ ಬದಲು, ಅನುಕೂಲಸ್ಥರು ಯಾರು ಎಂಬುದನ್ನು ತೆರಿಗೆಯ ದಾಖಲೆಯಿಂದ ತಿಳಿದು ಅವರನ್ನಷ್ಟೇ ಹೊರಗಿಡುವುದು. ಕರ್ನಾಟಕ ಬಿಕ್ಕಟ್ಟಿನಿಂದ ಎದ್ದ ದೇಶವಲ್ಲ, ಆದುದರಿಂದ ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯಲಾರೆ. ಶ್ರೀಲಂಕಾದಲ್ಲಿಯೂ 2023ರ ಜನವರಿಯಿಂದ ತಿಂಗಳಿಗೆ ಒಂದು ಲಕ್ಷ ರೂಪಾಯಿಗಿಂತ ಹೆಚ್ಚು ಸಂಪಾದಿಸುವವರ ಮೇಲೆ ಆದಾಯ ತೆರಿಗೆ ಬಿಗಿಯಾಯಿತು. ಆ ದಾಖಲೆಯನ್ನು, ಸರ್ಕಾರಿ ನೌಕರರ ವೇತನದ ಪಟ್ಟಿಯನ್ನು, ಕಾರುಗಳ ನೋಂದಣಿಯನ್ನು ಹಿಡಿದುಕೊಂಡು ಮೇಲಿನಿಂದ ಕಡಿದು, ಉಳಿದವರಿಗೆ ಕನಿಷ್ಠ ಮೊದಲ ಎರಡು ವರ್ಷ ಒಂದೇ ಮೊತ್ತ ಕೊಡಬಹುದಾಗಿತ್ತು. ಪರಿಸ್ಥಿತಿ ತಿಳಿಯಾದ ಮೇಲೆ ನಿಧಾನವಾಗಿ ಪಟ್ಟಿಯನ್ನು ಕಿರಿದಾಗಿಸಬಹುದಾಗಿತ್ತು. ಸರ್ಕಾರ ಮಾಡಿದ್ದು ಅದರ ತಿರುವುಮುರುವು. ಕಿರಿದಾಗಿ ಆರಂಭಿಸಿ, ಗಲಾಟೆಯಾದ ಮೇಲೆ ಮೇಲ್ಮನವಿ, ಎರಡನೇ ಹಂತದ ಅರ್ಜಿ, ತಾತ್ಕಾಲಿಕ ವರ್ಗಗಳ ಅವಧಿಯ ಮೇಲಿಂದ ಮೇಲೆ ವಿಸ್ತರಣೆ ಎಂದು ಹಿಗ್ಗಿಸುತ್ತ ಹೋಯಿತು. ಹಸಿವಿನ ದಿನಗಳು ಅಷ್ಟರಲ್ಲಿ ಕಳೆದುಹೋಗಿದ್ದವು.

ಹಣವೆಲ್ಲಿಂದ ಎಂದು ಕೇಳುವವರಿಗೆ ಒಂದು ಸಂಗತಿಯನ್ನು ನೆನಪಿಸುತ್ತೇನೆ. ಹಣಕಾಸು ನಿಧಿಯ ಒಪ್ಪಂದದಲ್ಲಿ ಸಾಮಾಜಿಕ ಸುರಕ್ಷೆಗೆ ಕನಿಷ್ಠ ಇಷ್ಟಾದರೂ ಖರ್ಚು ಮಾಡಬೇಕೆಂಬ ಗುರಿಯಿತ್ತು. ಅದು ದೇಶದ ಒಟ್ಟು ಉತ್ಪನ್ನದ ಶೇ. 0.6ರಷ್ಟು ಮಾತ್ರ. ಆ ಸಣ್ಣ ಗುರಿಯನ್ನೂ ಸರ್ಕಾರ ತಲುಪಲಿಲ್ಲ ಎಂದು ನಿಧಿಯ ಪರಿಶೀಲನೆಯೇ ದಾಖಲಿಸಿತು. ತೆರಿಗೆ ಸಂಗ್ರಹದ ಗುರಿಗೆ ತೋರಿದ ಶ್ರದ್ಧೆ ಇಲ್ಲಿ ಕಾಣಲಿಲ್ಲ. ಅಕ್ಕಿ, ಎಣ್ಣೆ, ಬಟ್ಟೆ, ಬಸ್ಸಿನ ಟಿಕೇಟು, ಹೀಗೆ ಬದುಕಿನ ಎಲ್ಲ ಬೆಲೆಗಳೂ ಏರಿದಾಗ ಬಡವರೂ ತಮ್ಮ ಪಾಲನ್ನು ಕಟ್ಟಿದ್ದಾರೆ. ಅವರಿಗೆ ಮೀಸಲಿಟ್ಟ ಹಣ ಖರ್ಚಾಗದೆ ಉಳಿಯುವುದನ್ನು ಮಿತವ್ಯಯವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಲಂಕೆಯ ಇತಿಹಾಸದಲ್ಲಿಯೇ ಇದಕ್ಕೆ ಪಾಠವಿತ್ತು. ಪಡಿತರ ಅಕ್ಕಿಯ ಬೆಲೆಯನ್ನು 25 ಸೆಂಟ್‌ಗಳಿಂದ 70 ಸೆಂಟ್‌ಗಳಿಗೆ ಏರಿಸಿದ್ದರಿಂದ 1953ರ ಆಗಸ್ಟ್ 12ರಂದು ಇಡೀ ದೇಶ ಹರತಾಳಕ್ಕೆ ಇಳಿಯಿತು, ಪ್ರಧಾನಿ ಡಡ್ಲಿ ಸೇನಾನಾಯಕೆ ರಾಜೀನಾಮೆ ಕೊಟ್ಟರು. 1979ರಲ್ಲಿ ಜೆ. ಆರ್. ಜಯವರ್ಧನೆಯವರ ಸರ್ಕಾರ ಪಡಿತರವನ್ನು ತೆಗೆದು ಬಡವರಿಗೆ ಮಾತ್ರ ಆಹಾರದ ಚೀಟಿ ಕೊಟ್ಟಿತು. ಚೀಟಿಯ ಮೇಲಿನ ಮೊತ್ತ ಹಾಗೆಯೇ ಉಳಿಯಿತು, ಬೆಲೆಗಳು ಏರಿದವು, ಮೂರು ನಾಲ್ಕು ವರ್ಷಗಳಲ್ಲಿ ಅದರಿಂದ ಕೊಳ್ಳಬಹುದಾದ ಅಕ್ಕಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅಸ್ವೆಸುಮದ ಮೊತ್ತವೂ ಬೆಲೆ ಸೂಚ್ಯಂಕಕ್ಕೆ ಕಟ್ಟಿದ್ದಲ್ಲ. 2025ರ ಜನವರಿಯಿಂದ 8,500 ಇದ್ದದ್ದು 10,000ಕ್ಕೂ 15,000 ಇದ್ದದ್ದು 17,500ಕ್ಕೂ ಏರಿತು, ಸಂತೋಷ. ಆದರೆ ಅದು ಆಳುವವರ ಮನಸ್ಸಿನಿಂದ ಬಂದ ಏರಿಕೆ, ಹಕ್ಕಿನಿಂದ ಬಂದದ್ದಲ್ಲ. ಪ್ರತಿ ವರ್ಷ ಬೆಲೆಯೇರಿಕೆಯ ಜೊತೆಗೆ ತಾನಾಗಿಯೇ ಮೊತ್ತ ಏರುವಂತೆ ಕಾನೂನಿನಲ್ಲಿ ಬರೆಯಬೇಕು ಎಂಬುದು ನನ್ನ ಆಗ್ರಹ.

ಚಹಾ ತೋಟದ ಜನರ ವಿಷಯದಲ್ಲಿ ಇನ್ನೊಂದು ಮಾತು. 1948ರ ಪೌರತ್ವ ಕಾಯಿದೆಯಿಂದ ಯಾವ ದೇಶಕ್ಕೂ ಸೇರದವರಾದ ಜನರಿವರು. ಅವರಲ್ಲಿ ಕೊನೆಗೆ ಉಳಿದವರಿಗೆ ಪೌರತ್ವ ಸಿಕ್ಕಿದ್ದು 2003ರಲ್ಲಿ. ಬಿಕ್ಕಟ್ಟಿನ ನಂತರ ತೋಟ ಪ್ರದೇಶಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಬಡತನದಲ್ಲಿದ್ದಾರೆ ಎಂದು ವಿಶ್ವಬ್ಯಾಂಕ್ ಅಂದಾಜಿಸಿತ್ತು. ಅರ್ಧಕ್ಕೂ ಹೆಚ್ಚು ಜನ ಬಡವರಾಗಿರುವ ಕಡೆ ಮನೆಮನೆಯ ವಸ್ತುಗಳನ್ನು ಎಣಿಸುವುದಕ್ಕಿಂತ, ಲೈನ್ ಮನೆಗಳಲ್ಲಿ ವಾಸಿಸುವ ಎಲ್ಲರನ್ನೂ ಅರ್ಹರೆಂದು ಘೋಷಿಸುವುದು ಅಗ್ಗವೂ ಹೌದು, ನ್ಯಾಯವೂ ಹೌದು. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಬಂದು ಮಧ್ಯದ ಬೆಟ್ಟಸೀಮೆಯಲ್ಲಿ ಗುಡ್ಡಗಳು ಕುಸಿದ ಮೇಲಂತೂ ಹಳೆಯ ಅಂಕಗಳನ್ನು ಹಿಡಿದುಕೊಂಡು ಕೂರುವುದರಲ್ಲಿ ಅರ್ಥವಿಲ್ಲ.

ಅಮ್ಮನ ತಂಗಿಯ ಮೇಲ್ಮನವಿ ಹಲವು ತಿಂಗಳು ಅಲೆದ ನಂತರ ಫಲಿಸಿತು. ದುರ್ಬಲರ ವರ್ಗದಲ್ಲಿ ಸೇರಿಸಿ 5,000 ರೂಪಾಯಿ ಕೊಟ್ಟರು. ಮೊದಲ ಕಂತು ಬಂದ ದಿನ ಅಂಗಡಿಯ ಸಾಲದ ಪುಸ್ತಕದಲ್ಲಿ ಅರ್ಧ ಪುಟ ಹೊಡೆಸಿ ಹಾಕಿದೆ ಎಂದು ಫೋನಿನಲ್ಲಿ ಹೇಳಿದ್ದರು. ಈಗ ಮತ್ತೆ ಹೊಸದಾಗಿ ಮಾಹಿತಿ ಬರೆದುಕೊಳ್ಳಲು ಬರುತ್ತಾರಂತೆ ಎಂಬ ಮಾತು ಅವರ ತೋಟದಲ್ಲಿ ಹಬ್ಬಿದೆ. ಟೀವಿ ಕೆಟ್ಟು ವರ್ಷ ದಾಟಿದೆ, ರಿಪೇರಿ ಮಾಡಿಸಿಲ್ಲ, ಅದರ ಮೇಲೆ ಹಳೆಯ ಸೀರೆಯ ತುಂಡೊಂದನ್ನು ಹೊದಿಸಿಟ್ಟಿದ್ದಾರೆ. ಅವರು ಬರುವ ಮೊದಲು ಅದನ್ನು ಬೇರೆ ಕಡೆ ಸಾಗಿಸಬೇಕೋ, ಇದ್ದಲ್ಲಿಯೇ ಬಿಟ್ಟು ಕೆಟ್ಟಿದೆ ಎಂದು ಹೇಳಿದರೆ ನಂಬುತ್ತಾರೋ ಎಂದು ಕಳೆದ ಭಾನುವಾರ ಅಮ್ಮನ ಮೂಲಕ ನನ್ನನ್ನು ಕೇಳಿಸಿದ್ದಾರೆ.