ಶಾಲೆಗೊಬ್ಬ ಮನಶ್ಶಾಸ್ತ್ರಜ್ಞ ಬೇಕೇ?

ಪರ: ಮಗು ಮೈಸೂರಿಗೆ ಹೋಗುವುದಲ್ಲ, ಅವರೇ ಬರಲಿ

ನಾನು ಮಂಡ್ಯ ಜಿಲ್ಲೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನನ್ನ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅವರಪ್ಪ ಆಲೆಮನೆಯಲ್ಲಿ ಕೂಲಿ. ಇಷ್ಟು ಟನ್ ಕಬ್ಬಿಗೆ ಎಷ್ಟು ದುಡ್ಡು, ಮುಂಗಡ ಕಳೆದರೆ ಎಷ್ಟು ಉಳಿಯಿತು ಎಂದು ಕೇಳಿದರೆ ಹುಡುಗ ಬಾಯಲ್ಲೇ ಲೆಕ್ಕ ಹೇಳುತ್ತಿದ್ದ. ಅದೇ ಲೆಕ್ಕವನ್ನು ಪುಸ್ತಕದಲ್ಲಿ ಓದಿ ಮಾಡು ಅಂದರೆ ಬೆವರುತ್ತಿದ್ದ. 'ಸರ'ವನ್ನು 'ರಸ' ಎಂದು ಓದುತ್ತಿದ್ದ. ಸ್ಟಾಫ್ ರೂಮಿನಲ್ಲಿ ನಾವು ಅವನಿಗಿಟ್ಟಿದ್ದ ಹೆಸರು ದಡ್ಡ. ನಾವು ಅಂದೆನಲ್ಲ, ಅದರಲ್ಲಿ ನಾನೂ ಇದ್ದೆ.

ವಾರಕ್ಕೆರಡು ದಿನ ಚಕ್ಕರ್ ಹೊಡೆಯಲು ಶುರುಮಾಡಿದ ಮೇಲೆ ಅವನ ಮನೆಗೆ ಹೋದೆ. "ಏನ್ ಮಾಡದು ಸಾ, ಇವನ್ ತಲೆಗೆ ಓದು ಹತ್ತಾಕಿಲ್ಲ" ಎಂದರು ಅವರಪ್ಪ. ರಾತ್ರಿ ನಿದ್ದೆ ಮಾಡುತ್ತಿಲ್ಲ ಎಂದು ಅವ್ವ ಹೇಳಿದರು. ಕೊನೆಗೆ ಯಾರೋ ಹೇಳಿದರು ಅಂತ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. ಪರೀಕ್ಷೆ ಮಾಡಿ, ಇದು ಕಲಿಕಾ ನ್ಯೂನತೆ, ಬುದ್ಧಿಗೆ ಏನೂ ಕೊರತೆಯಿಲ್ಲ ಎಂದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದೂ ಸೇರಿದೆ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಬಹುದು ಅನ್ನುವುದು ನನಗೆ ಗೊತ್ತಾಗಿದ್ದೇ ಆಮೇಲೆ. ಅಪ್ಪನಿಗೆ ಎರಡು ದಿನದ ಕೂಲಿ ಹೋಯಿತು. ಹುಡುಗನಿಗೆ ಅಷ್ಟರಲ್ಲಿ ಒಂಬತ್ತು ವರ್ಷ ಹೋಗಿತ್ತು.

ಶಾಲಾ ಮನಶ್ಶಾಸ್ತ್ರಜ್ಞರು ಅಂದರೆ ರೂಮಿನಲ್ಲಿ ಕೂತು ಬುದ್ಧಿವಾದ ಹೇಳುವವರು ಅಂತ ತುಂಬಾ ಜನ ತಿಳಿದಿದ್ದಾರೆ. ಅವರ ಕೆಲಸ ಶುರುವಾಗುವುದು ತರಗತಿಯ ಹಿಂದಿನ ಬೆಂಚಿನಲ್ಲಿ. ಮಗು ಯಾವ ಪೀರಿಯಡ್ಡಿನಲ್ಲಿ ಮಂಕಾಗುತ್ತದೆ, ಯಾರ ಪಕ್ಕ ಕೂರಲು ಒಲ್ಲೆ ಅನ್ನುತ್ತದೆ ಎಂದು ನೋಡುತ್ತಾರೆ. ಓದು, ನೆನಪು, ಗಮನ ಇವನ್ನೆಲ್ಲ ಅಳೆಯುತ್ತಾರೆ. ಪಾಠ ಹೀಗೆ ಬದಲಿಸಿ ನೋಡಿ ಎಂದು ಮೇಷ್ಟ್ರಿಗೆ ಹೇಳುತ್ತಾರೆ. ಅಪ್ಪ ಅವ್ವನನ್ನು ಕೂರಿಸಿ ಮಾತಾಡುತ್ತಾರೆ. ಔಷಧಿ ಬರೆಯುವುದಿಲ್ಲ, ಬೇಕು ಅನಿಸಿದರೆ ಮನೋವೈದ್ಯರ ಹತ್ತಿರ ಕಳಿಸುತ್ತಾರೆ. ಇವರಿಲ್ಲದ ಕಡೆ ಏನಾಗುತ್ತದೆ? ಪ್ರತಿ ಸೋಮವಾರ ಹೊಟ್ಟೆನೋವು ಅನ್ನುವ ಹುಡುಗಿಗೆ ನಾವು ಪಿಎಚ್‌ಸಿಯಲ್ಲಿ ಮಾತ್ರೆ ಕೊಡಿಸುತ್ತೇವೆ. ಸೋಮವಾರ ಕಿರುಪರೀಕ್ಷೆ ಇರುತ್ತದೆ ಅನ್ನುವುದು ಯಾರಿಗೂ ಹೊಳೆಯುವುದಿಲ್ಲ.

ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಕಂಡುಬಂತು. 400 ಮಕ್ಕಳ ಹೈಸ್ಕೂಲಿಗೆ ಲೆಕ್ಕ ಹಾಕಿದರೆ ಅದು 29 ಮಕ್ಕಳು. 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ಒಬ್ಬರಾದರೂ ಇರಬೇಕು ಎಂದು ಸುಪ್ರೀಂ ಕೋರ್ಟ್ ಜುಲೈ 2025ರಲ್ಲಿ ಹೇಳಿತು.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಶುರುವಾಗಿತ್ತು. ಅದನ್ನು ಬೆಳೆಸಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ, ಬುದ್ಧಿಶಕ್ತಿ ಅಳೆಯುವ ಅಧ್ಯಯನಕ್ಕೆ ಹೆಸರಾದ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಬಳಿ ಓದಿ ಬಂದವರು. 1935ರಲ್ಲಿ ಮನೆಯಲ್ಲೇ ರೇಡಿಯೋ ಕೇಂದ್ರ ತೆರೆದವರೂ ಅವರೇ. ಆ ರೇಡಿಯೋ ನಮ್ಮೂರಿಗೆ ಯಾವಾಗಲೋ ಬಂತು. ಅವರ ಮನಶ್ಶಾಸ್ತ್ರ ಮಾತ್ರ ನೂರು ವರ್ಷವಾದರೂ ನಮ್ಮ ಶಾಲೆಯ ಮೆಟ್ಟಿಲು ಹತ್ತಿಲ್ಲ.

ವಿರೋಧ: ಆ ರೂಮಿಗೆ ಹೋದವಳು

ಮೇಷ್ಟ್ರ ಹುಡುಗನ ಕಥೆ ಓದಿ ನನಗೂ ಸಂಕಟವಾಯಿತು. ಆದರೆ ಅದನ್ನೇ ಇನ್ನೊಂದು ಸಲ ಓದಿ. ಬಾಯಲ್ಲಿ ಲೆಕ್ಕ ಹೇಳುವವನು ಓದಲಾರ ಅನ್ನುವುದನ್ನು ಕಂಡವರು, ಮನೆಗೆ ಹೋದವರು, ಬಸ್ ಹತ್ತಿಸಿದವರು ಮೇಷ್ಟ್ರೇ ಅಲ್ವಾ? ಆ ಕಣ್ಣು ಒಂದನೇ ತರಗತಿಯ ಮಿಸ್ಸಿಗೇ ಇದ್ದಿದ್ದರೆ ಎಂಟು ವರ್ಷ ಉಳಿಯುತ್ತಿತ್ತು.

ನಾನು ಮೈಸೂರಿನಲ್ಲಿ 31 ವರ್ಷ ಪಾಠ ಮಾಡಿ ನಿವೃತ್ತಳಾದವಳು. ನಮ್ಮಕ್ಕನ ಮಗಳು ಓದುತ್ತಿದ್ದ ಖಾಸಗಿ ಶಾಲೆಯಲ್ಲಿ ಕೌನ್ಸೆಲರ್ ಇದ್ದರು. ರೂಮಿತ್ತು, ಬಾಗಿಲಿಗೆ ಬೋರ್ಡಿತ್ತು. ಮನೆಯಲ್ಲಿ ನಡೆಯುವ ಜಗಳದ ವಿಷಯವನ್ನು ಹುಡುಗಿ ಅಲ್ಲಿ ಹೇಳಿಕೊಂಡಳು. ಮೂರನೇ ದಿನಕ್ಕೆ ಅದು ಪ್ರಿನ್ಸಿಪಾಲರಿಗೆ ಗೊತ್ತಿತ್ತು. ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ ನಮ್ಮಕ್ಕನಿಗೇ "ನಿಮ್ಮನೆ ವಿಷಯ ನಮಗೆಲ್ಲ ತಿಳೀತು" ಅಂದರಂತೆ. ಗೆಳತಿಯರು ಬೇರೆ, 'ಆ ರೂಮಿಗೆ ಹೋದವಳು' ಅಂತ ಕಿಚಾಯಿಸಿದರು. ಆಮೇಲೆ ಅವಳು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಸಂಬಳ ಕೊಡುವುದು ಶಾಲೆ. ಗುಟ್ಟು ಮಗುವಿನದಾಗಿಯೇ ಉಳಿಯುತ್ತದೆ ಅಂತ ಹೇಗೆ ನಂಬುವುದು?

ಮೇಷ್ಟ್ರು ಸ್ಪಿಯರ್‌ಮನ್ ಹೆಸರು ತೆಗೆದರು. ಅವರ ನಂತರ ಲಂಡನ್ನಿನಲ್ಲಿ ಅದೇ ಪ್ರಾಧ್ಯಾಪಕ ಸ್ಥಾನಕ್ಕೆ ಬಂದವರು ಸಿರಿಲ್ ಬರ್ಟ್. ಅದಕ್ಕೂ ಮೊದಲು, 1913ರಲ್ಲಿ, ಲಂಡನ್ ಕೌಂಟಿ ಕೌನ್ಸಿಲ್ ಅವರನ್ನು ಶಾಲೆಗಳ ಮನಶ್ಶಾಸ್ತ್ರಜ್ಞರಾಗಿ ನೇಮಿಸಿತು. ಬ್ರಿಟನ್ನಿನಲ್ಲಿ ಈ ಹುದ್ದೆಗೆ ಅವರೇ ಮೊದಲಿಗರು. ಬುದ್ಧಿ ಬಹುಪಾಲು ಹುಟ್ಟಿನಿಂದಲೇ ಬರುತ್ತದೆ, ಅಳೆದು ಹೇಳಬಹುದು ಎಂದು ನಂಬಿದವರು. ಹನ್ನೊಂದು ವರ್ಷಕ್ಕೇ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗೆ ಹಂಚುವ ಪರೀಕ್ಷೆ ಅಲ್ಲಿ ಬಂದಾಗ ಇಂಥ ವಿಚಾರಗಳೇ ಅದಕ್ಕೆ ಬಲ ಕೊಟ್ಟವು. 1971ರಲ್ಲಿ ಅವರು ತೀರಿಕೊಂಡ ಮೇಲೆ, ಅವಳಿ ಮಕ್ಕಳ ಬಗ್ಗೆ ಅವರು ಕೊಟ್ಟ ಅಂಕಿಗಳೇ ಕಟ್ಟುಕಥೆ ಎಂಬ ಆರೋಪ ಎದ್ದಿತು. ಈಗಿನವರು ಹಾಗಲ್ಲ, ಒಪ್ಪುತ್ತೇನೆ. ಆದರೆ ಸ್ಟಾಫ್ ರೂಮಿನಲ್ಲಿ ಬಾಯಿಮಾತಲ್ಲಿದ್ದ 'ದಡ್ಡ', ಫೈಲಿಗೆ ಹತ್ತಿ ಸೀಲು ಬಿದ್ದರೆ ಅಳಿಸುವವರು ಯಾರು?

ಇನ್ನೊಂದು ವಿಷಯ. ಕುವೆಂಪುನಗರದ ಮಗು ಟ್ಯೂಷನ್ ಮುಗಿಸಿ ರಾತ್ರಿ 9ಕ್ಕೆ ಮನೆ ಸೇರುತ್ತದೆ. ಹಳ್ಳಿಯ ಮಗು ಅಪ್ಪನ ಕುಡಿತಕ್ಕೆ ಹೆದರಿ ನಿದ್ದೆಗೆಟ್ಟು ಬರುತ್ತದೆ. ಇಬ್ಬರೂ ಪಾಠದಲ್ಲಿ ತೂಕಡಿಸುತ್ತಾರೆ. ಇದನ್ನು ಮಗುವಿನ ತಲೆಯ ತೊಂದರೆ ಅಂತ ರೂಮಿಗೆ ಕಳಿಸಿಬಿಟ್ಟರೆ ದೊಡ್ಡವರ ತಪ್ಪೆಲ್ಲ ಮುಚ್ಚಿಹೋಯಿತು.

ಪಿ.ಟಿ. ಮೇಷ್ಟ್ರೂ ಇಲ್ಲದ ಶಾಲೆಗಳಿವೆ, ಮೊದಲು ಅದು ತುಂಬಲಿ. ಮಾನಸಗಂಗೋತ್ರಿಯಲ್ಲೇ ಇರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಶಿಕ್ಷಕರಿಗೆ ಸಮಾಲೋಚನೆಯ ಡಿಪ್ಲೊಮಾ ಇದೆ. ಶಾಲೆಗೆ ಒಬ್ಬಿಬ್ಬರನ್ನು ಸಂಬಳ ಸಹಿತ ಅಲ್ಲಿಗೆ ಕಳಿಸಿ. ಕೈಮೀರಿದ್ದಕ್ಕೆ ಹಗಲು ರಾತ್ರಿ ಸಿಗುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416, 2022ರಿಂದ ಇದೆ. ಆ ನಂಬರನ್ನು ಶಾಲೆಯ ಗೋಡೆಯ ಮೇಲೆ ನಾನಂತೂ ಕಂಡಿಲ್ಲ.

ನನ್ನ ಎಂಟನೇ ತರಗತಿಯ ಹುಡುಗಿಯೊಬ್ಬಳು ದಿನಾ ಸಂಜೆ ಬೋರ್ಡ್ ಒರೆಸಲು ನಿಲ್ಲುತ್ತಿದ್ದಳು. ನಾನೂ ಸುಮ್ನೆ ನೋಟ್‌ಬುಕ್ ತಿದ್ದುತ್ತಾ ಕೂರುತ್ತಿದ್ದೆ. ಮೂರನೇ ವಾರ ಬೋರ್ಡಿನ ಕಡೆಗೇ ಮುಖ ಮಾಡಿಕೊಂಡು, "ಮಿಸ್, ನಂಗೆ ಮನೆಗೆ ಹೋಗಕ್ಕೆ ಭಯ" ಅಂದಳು.