ಪೇಪರ್‌ಗಾಗಿ ಅಮೆಜಾನ್ ಕಡಿಯುತ್ತಾರಾ?

‘ನೀವು ಒರೆಸಿ ಎಸೆಯುವ ಟಿಶ್ಯೂ ಅಮೆಜಾನ್ ಕಾಡಿನ ಮರ’ ಅನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಬ್ರೆಜಿಲ್‌ನ ಪಲ್ಪ್, ಅಂದರೆ ಪೇಪರ್, ಟಿಶ್ಯೂ ಮಾಡಲು ಬಳಸುವ ಮರದ ತಿರುಳಿನ ಮಟ್ಟಿಗೆ ಇದು ನಿಜವಲ್ಲ.

ಅಲ್ಲಿನ ಪಲ್ಪ್ ಕಾರ್ಖಾನೆಗಳು ಬಳಸುವುದು ನೆಟ್ಟು ಬೆಳೆಸಿದ ನೀಲಗಿರಿಯನ್ನು, ಸ್ವಲ್ಪ ಪೈನ್ ಮರವನ್ನು. ನೀಲಗಿರಿ ಅಮೆಜಾನಿನ ಮರವೇ ಅಲ್ಲ, ಆಸ್ಟ್ರೇಲಿಯಾದಿಂದ ಬಂದದ್ದು. ಸುಮಾರು 7 ವರ್ಷಕ್ಕೆ ಕಟಾವಿಗೆ ಬರುತ್ತದೆ. 2024ರಲ್ಲಿ ಶುರುವಾದ ಸುಜಾನೊ ಕಂಪನಿಯ ಕಾರ್ಖಾನೆಯನ್ನೇ ನೋಡಿ. ವರ್ಷಕ್ಕೆ 25.5 ಲಕ್ಷ ಟನ್ ಪಲ್ಪ್ ತೆಗೆಯುವ ಸಾಮರ್ಥ್ಯ! ಅದಿರುವುದು ಅಮೆಜಾನಿನಲ್ಲಲ್ಲ, ಮಾತೊ ಗ್ರೊಸ್ಸೊ ದೊ ಸುಲ್ ರಾಜ್ಯದ ಸೆರಾಡೊ ಎಂಬ ಕುರುಚಲು ಸೀಮೆಯಲ್ಲಿ. ಅಲ್ಲಿ ನೀಲಗಿರಿ ನೆಟ್ಟಿರುವುದು ಹೆಚ್ಚಾಗಿ ದನ ಮೇಯಿಸುತ್ತಿದ್ದ ಜಮೀನಿನಲ್ಲಿ. ಅಮೆಜಾನ್ ಕಾಡು ಜಾಸ್ತಿ ಹೋಗಿರುವುದೂ ದನಗಳ ಹುಲ್ಲುಗಾವಲಿಗೇ.

ಹಾಗಂತ ತೋಪು ಕಾಡಾಗಿಬಿಡುವುದಿಲ್ಲ. ಎಲ್ಲಿ ನೋಡಿದರೂ ಒಂದೇ ಜಾತಿಯ ಮರ, ಜೊತೆಗೆ ನೀರಿನ ಪ್ರಶ್ನೆ. 2017ರಲ್ಲಿ ಕರ್ನಾಟಕ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದೂ ಅಂತರ್ಜಲದ ಚಿಂತೆಯಿಂದಲೇ ಅಲ್ವಾ?